ಥೇಮ್ಸ್ ದಂಡೆಯ ಉಕ್ಕಿನ ಮೋಡ

ಲಂಡನ್ ನೋಡಲು ಹೋದವರಲ್ಲಿ ಗ್ರೀನಿಚ್ ಗುಡ್ಡ ಹತ್ತದೆ ಮರಳುವವರು ಕಡಿಮೆ. ನಗರದ ಪೂರ್ವಕ್ಕೆ, ಥೇಮ್ಸ್ ನದಿ ಹಾವಿನಂತೆ ಬಳುಕಿ ಹರಿಯುವ ಕಡೆ, ಹುಲ್ಲುಹಾಸಿನ ಉದ್ಯಾನದ ನೆತ್ತಿಯ ಮೇಲೆ ರಾಯಲ್ ಅಬ್ಸರ್ವೇಟರಿ ಇದೆ. ಅದರ ಅಂಗಳದಲ್ಲಿ ನೆಲಕ್ಕೆ ಹುದುಗಿಸಿದ ಲೋಹದ ಪಟ್ಟಿಯೊಂದಿದೆ. ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳಲು ಜನ ಸಾಲುಗಟ್ಟಿ ನಿಲ್ಲುತ್ತಾರೆ. ಉತ್ತರಕ್ಕೆ ಮುಖ ಮಾಡಿ ನಿಂತರೆ ಬಲಗಾಲು ಪೂರ್ವ ಗೋಳಾರ್ಧದಲ್ಲಿ, ಎಡಗಾಲು ಪಶ್ಚಿಮ ಗೋಳಾರ್ಧದಲ್ಲಿ! ಭೂಗೋಳದ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡುವ ಸೊನ್ನೆ ಡಿಗ್ರಿ ರೇಖಾಂಶ ಇದೇ. ನಮ್ಮ ಗಡಿಯಾರ ಐದೂವರೆ ಗಂಟೆ ಮುಂದಿದೆ ಎನ್ನುವುದು ಈ ಗೆರೆಯಿಂದ ಎಣಿಸಿ.

ಸಮುದ್ರದಲ್ಲಿ ದಾರಿ ತಪ್ಪುತ್ತಿದ್ದ ನಾವಿಕರಿಗೆ ನೆರವಾಗಲೆಂದು ಎರಡನೇ ಚಾರ್ಲ್ಸ್ ದೊರೆ 1675ರಲ್ಲಿ ಸ್ಥಾಪಿಸಿದ ವೀಕ್ಷಣಾಲಯ ಇದು. ಜಾರ್ಜ್ ಏರಿ ಎಂಬ ಖಗೋಳಜ್ಞ ಇಲ್ಲಿ ಹೂಡಿದ ದೂರದರ್ಶಕ 1851ರಲ್ಲಿ ಕೆಲಸ ಆರಂಭಿಸಿತು. ಅದರ ನಡುವಿನಿಂದ ಹಾದ ಗೆರೆಯನ್ನೇ 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ರಾಷ್ಟ್ರಗಳು ಜಗತ್ತಿನ ಮೂಲರೇಖೆಯೆಂದು ಒಪ್ಪಿಕೊಂಡವು. ಚಾವಣಿಯ ಕಂಬದ ಮೇಲಿನ ಕೆಂಪು ಚೆಂಡು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ಕೆಳಗಿಳಿಯುವ ಪದ್ಧತಿ 1833ರಿಂದ ಬಂದದ್ದು. ಕೆಳಗೆ ಹಡಗಿನಲ್ಲಿದ್ದವರು ಅದನ್ನು ನೋಡಿ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. 'ಎಲ್ಲಿ?' ಮತ್ತು 'ಎಷ್ಟು ಹೊತ್ತಿಗೆ?' ಎಂಬ ಎರಡು ಪ್ರಶ್ನೆಗಳಿಗೆ ಕರಾರುವಾಕ್ಕಾದ ಉತ್ತರ ಹುಡುಕಲು ಮೂರು ಶತಮಾನ ದುಡಿದ ಊರು ಗ್ರೀನಿಚ್.

ಆದರೂ ಕೈಯಲ್ಲಿ ಫೋನ್ ಹಿಡಿದ ಪ್ರವಾಸಿಗೆ ಇಲ್ಲೊಂದು ಸಣ್ಣ ಆಘಾತ ಕಾದಿರುತ್ತದೆ. ಗೆರೆಯ ಮೇಲೆ ನಿಂತಾಗ ಫೋನ್ ಸೊನ್ನೆ ತೋರಿಸುವುದಿಲ್ಲ. ಉಪಗ್ರಹಗಳ ಲೆಕ್ಕದ ಸೊನ್ನೆ ಸುಮಾರು 102 ಮೀಟರ್ ಪೂರ್ವಕ್ಕೆ, ಉದ್ಯಾನದ ಹುಲ್ಲಿನ ನಡುವೆ ಎಲ್ಲೋ ಬೀಳುತ್ತದೆ. ಏರಿ ತನ್ನ ಉಪಕರಣವನ್ನು ಗುರುತ್ವದ ದಿಕ್ಕಿಗೆ ಸರಿಹೊಂದಿಸಿದ್ದ. ಭೂಮಿಯ ದ್ರವ್ಯ ಎಲ್ಲೆಡೆ ಸಮನಾಗಿ ಹಂಚಿಲ್ಲವಾದ್ದರಿಂದ ಅಲ್ಲಿ ತೂಗುಗುಂಡಿನ ದಾರ ಭೂಕೇಂದ್ರದ ಕಡೆಗೆ ಸರಿಯಾಗಿ ತೋರದೆ ಚೂರೇ ಚೂರು ಓರೆಯಾಗಿದೆ. ಏರಿಯದು ತಪ್ಪಲ್ಲ, 'ನೇರ' ಎಂಬುದಕ್ಕೆ ಎರಡು ಅರ್ಥಗಳಿವೆ, ಅಷ್ಟೇ.

ಆ ಗುಡ್ಡದ ಮೇಲಿಂದ ಉತ್ತರಕ್ಕೆ ನೋಡಿದರೆ ನದಿಯ ತಿರುವಿನೊಳಗೆ ನಾಲಿಗೆಯಂತೆ ಚಾಚಿದ ನೆಲವೂ, ಅದರ ತುದಿಯಲ್ಲಿ ಹನ್ನೆರಡು ಹಳದಿ ಕಂಬಗಳಿಗೆ ತೂಗುಹಾಕಿದ ಬಿಳಿಯ ಬೃಹತ್ ಡೇರೆಯೂ ಕಾಣುತ್ತವೆ. ಒಂದು ಕಾಲಕ್ಕೆ ಕಲ್ಲಿದ್ದಲಿನಿಂದ ಅನಿಲ ತೆಗೆಯುತ್ತಿದ್ದ ದೊಡ್ಡ ಕಾರ್ಖಾನೆ ಅಲ್ಲಿತ್ತು. ಅದು ಮುಚ್ಚಿ ಹಾಳುಬಿದ್ದ ನೆಲದ ಮೇಲೆ 2000ನೇ ಇಸವಿಯನ್ನು ಸ್ವಾಗತಿಸಲು ಕಟ್ಟಿದ್ದು ಮಿಲೆನಿಯಮ್ ಡೋಮ್. ಅದರ ವ್ಯಾಸ 365 ಮೀಟರ್, ವರ್ಷಕ್ಕೆ ಎಷ್ಟು ದಿನವೋ ಅಷ್ಟು. ಒಂದೇ ವರ್ಷ ನಡೆದ ಪ್ರದರ್ಶನದ ಬಳಿಕ ಬಾಗಿಲು ಹಾಕಿದ್ದ ಆ ಕಟ್ಟಡ 2007ರಿಂದ ಓ2 ಎಂಬ ಹೆಸರಿನಲ್ಲಿ ಸಂಗೀತ ಕಛೇರಿಗಳ ತಾಣವಾಗಿದೆ. ಬಹಳ ಮಂದಿ ಅಷ್ಟನ್ನು ದೂರದಿಂದ ನೋಡಿ ಗುಡ್ಡ ಇಳಿದುಬಿಡುತ್ತಾರೆ. ವಿಜ್ಞಾನ ಓದುವ ಮಕ್ಕಳಿದ್ದವರು ಹಾಗೆ ಮಾಡಬಾರದು. ಆ ಡೇರೆಯ ಪೂರ್ವಕ್ಕೆ, ನೀರಿನಲ್ಲೇ ನಿಂತಿರುವ ಒಂದು ಶಿಲ್ಪ, ಗುಡ್ಡದ ಮೇಲಿನ ವೀಕ್ಷಣಾಲಯಕ್ಕೆ ಎದುರು ಪ್ರಶ್ನೆ ಹಾಕುವಂತಿದೆ.

ಗ್ರೀನಿಚ್ ಕಟ್ಟೆಯಿಂದ ದೋಣಿ ಹತ್ತಿದರೆ ನದಿ ನಾಲಿಗೆಯಾಕಾರದ ನೆಲವನ್ನು ಬಳಸಿಕೊಂಡು ಸಾಗುತ್ತದೆ. ದಾರಿಯಲ್ಲಿ ಬ್ರೆಡ್ಡಿನ ಚೂರಿನಂತೆ ಅಡ್ಡಲಾಗಿ ಕತ್ತರಿಸಿ ನಿಲ್ಲಿಸಿದ ಹಡಗಿನ ತುಂಡೊಂದು ಎದುರಾಗುತ್ತದೆ. ಅದೂ ಕಲಾಕೃತಿಯೇ. ರಿಚರ್ಡ್ ವಿಲ್ಸನ್ ಎಂಬ ಕಲಾವಿದನದು. ತುದಿಯನ್ನು ಸುತ್ತಿ ದೋಣಿ ನಾರ್ತ್ ಗ್ರೀನಿಚ್ ಕಟ್ಟೆಯ ಕಡೆಗೆ ತಿರುಗುವಾಗ ನೀರಿನ ಮೇಲೆ ಬೂದುಬಣ್ಣದ ಕಡ್ಡಿಗಳ ರಾಶಿಯೊಂದು ಎದ್ದು ನಿಂತಿರುತ್ತದೆ. ಕಟ್ಟಡದ ಕೆಲಸ ಮುಗಿದ ಮೇಲೆ ಬಿಚ್ಚಲು ಮರೆತ ಸಾರುವೆಯೋ? ದೈತ್ಯ ಕಾಗೆಯ ಗೂಡೋ? ಗಾಳಿಗೆ ಸಿಕ್ಕ ಹುಲ್ಲಿನ ಬಣವೆಯೋ? ಅಷ್ಟರಲ್ಲಿ ದೋಣಿ ಇನ್ನೊಂದಿಷ್ಟು ಸರಿಯುತ್ತದೆ. ರಾಶಿಯ ಒಡಲಲ್ಲಿ, ಕಡ್ಡಿಗಳು ದಟ್ಟವಾಗಿರುವಲ್ಲಿ, ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತ ಮನುಷ್ಯಾಕೃತಿ ಮೂಡುತ್ತದೆ. ಇನ್ನೂ ಹತ್ತಿರ ಹೋದರೆ ಅದು ಮತ್ತೆ ಬರೀ ಕಡ್ಡಿ.

ಇದರ ಹೆಸರು 'ಕ್ವಾಂಟಮ್ ಕ್ಲೌಡ್', ಅಂದರೆ ಕ್ವಾಂಟಮ್ ಮೋಡ. ಬ್ರಿಟನ್ನಿನ ಶಿಲ್ಪಿ ಆಂಟನಿ ಗಾರ್ಮ್ಲಿ 1999ರಲ್ಲಿ ಮುಗಿಸಿದ್ದು. ಎತ್ತರ 30 ಮೀಟರ್, ಹತ್ತು ಮಹಡಿಯ ಕಟ್ಟಡದಷ್ಟು. ಒಂದೊಂದೂ ಒಂದೂವರೆ ಮೀಟರ್ ಉದ್ದದ ಉಕ್ಕಿನ ತುಂಡುಗಳನ್ನು ತ್ರಿಕೋನ ತಳದ ಪಿರಮಿಡ್ಡಿನ ಜೋಡಣೆಯಲ್ಲಿ ಬೆಸೆದು ಕಟ್ಟಿದ ಈ ಮೋಡವನ್ನು ನಾಲ್ಕು ಎರಕದ ಕಬ್ಬಿಣದ ಬುನಾದಿಗಳು ನದಿಯಲ್ಲಿ ಎತ್ತಿ ಹಿಡಿದಿವೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇಲ್ಲಿ ನೀರು ಆರು ಮೀಟರಿನಷ್ಟು ಏರಿಳಿಯುತ್ತದೆ. ಇಳಿತದ ಹೊತ್ತಿನಲ್ಲಿ ಬುನಾದಿಯ ಕಾಲುಗಳು ಬೆತ್ತಲಾಗಿ ಕಾಣುತ್ತವೆ; ಉಬ್ಬರದಲ್ಲಿ ಮೋಡ ನೀರಿಗೆ ಹತ್ತಿರವಾಗಿ ತೇಲುವಂತಿರುತ್ತದೆ.

ಗಾರ್ಮ್ಲಿಗೂ ನಮ್ಮ ದೇಶಕ್ಕೂ ಹಳೆಯ ನಂಟು. 1950ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಆತ ಕೇಂಬ್ರಿಜ್‌ನಲ್ಲಿ ಪುರಾತತ್ತ್ವ, ಮಾನವಶಾಸ್ತ್ರ, ಕಲೆಯ ಇತಿಹಾಸಗಳನ್ನು ಓದಿ, 1970ರ ದಶಕದ ಆರಂಭದಲ್ಲಿ ಮೂರು ವರ್ಷ ಭಾರತ ಮತ್ತು ಶ್ರೀಲಂಕೆಗಳಲ್ಲಿ ಅಲೆದರು. ಎಸ್.ಎನ್. ಗೋಯೆಂಕಾ ಅವರ ಬಳಿ ವಿಪಶ್ಯನ ಧ್ಯಾನ ಕಲಿತರು. ಆ ಕಾಲದ ಇನ್ನೊಂದು ನೆನಪು ಅವರ ಕಲೆಗೆ ಬುನಾದಿಯಾಯಿತು. ನಮ್ಮ ಬೀದಿಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಬಡವರು ತಲೆಯಿಂದ ಕಾಲಿನವರೆಗೆ ಪಂಚೆ ಹೊದ್ದು ಮಲಗಿರುವುದನ್ನು ನಾವೆಲ್ಲ ನೋಡಿಯೂ ನೋಡದವರಂತೆ ದಾಟಿ ಹೋಗುತ್ತೇವೆ. ಗಾರ್ಮ್ಲಿ ಅಲ್ಲೇ ನಿಂತು ನೋಡಿದರು. ಮುಖವಿಲ್ಲ, ಕೈಕಾಲು ಕಾಣುವುದಿಲ್ಲ, ಆದರೂ ಒಳಗೊಬ್ಬ ಮನುಷ್ಯನಿದ್ದಾನೆ ಎಂದು ತಿಳಿಯುತ್ತದಲ್ಲ! ಇಂಗ್ಲೆಂಡಿಗೆ ಮರಳುವ ಹೊತ್ತಿನ 'ಸ್ಲೀಪಿಂಗ್ ಪ್ಲೇಸ್' ಎಂಬ ಕೃತಿ ಹೀಗೆ ಬಂದದ್ದು: ಮಲಗಿದ ಗೆಳೆಯನ ಮೇಲೆ ಪ್ಲಾಸ್ಟರಿನಲ್ಲಿ ಅದ್ದಿದ ಬಟ್ಟೆ ಹೊದಿಸಿ, ಅದು ಗಟ್ಟಿಯಾದ ಮೇಲೆ ಉಳಿದ ಟೊಳ್ಳು ಆಕಾರ. ಮುಂದೆ ತಮ್ಮ ಮೈಯನ್ನೇ ಅಚ್ಚು ತೆಗೆದು ಎಷ್ಟೋ ಶಿಲ್ಪ ಮಾಡಿದರು. 1994ರಲ್ಲಿ ಟರ್ನರ್ ಪ್ರಶಸ್ತಿ ಬಂತು. 1998ರಲ್ಲಿ ಗೇಟ್ಸ್‌ಹೆಡ್ ಬಳಿ 20 ಮೀಟರ್ ಎತ್ತರದ, 54 ಮೀಟರ್ ರೆಕ್ಕೆಯ 'ಏಂಜೆಲ್ ಆಫ್ ದ ನಾರ್ತ್' ಎದ್ದು ನಿಂತಿತು. ಕ್ವಾಂಟಮ್ ಮೋಡದ ನಡುವಿನ ಆಕೃತಿಯೂ ಗಾರ್ಮ್ಲಿಯ ಮೈಯದೇ, ಹಿಗ್ಗಿಸಿದ್ದು.

ಹಾಗಾದರೆ 'ಕ್ವಾಂಟಮ್' ಎಲ್ಲಿಂದ ಬಂತು? 1999ರಲ್ಲಿ ಲಂಡನ್ನಿನಲ್ಲಿ ಕಲಾವಿದರನ್ನೂ ವಿಜ್ಞಾನಿಗಳನ್ನೂ ಒಟ್ಟಿಗೆ ಕೂರಿಸಿದ ಸಭೆಯೊಂದನ್ನು ಡೇವಿಡ್ ಪೀಟ್ ಎಂಬ ಲೇಖಕರು ಏರ್ಪಡಿಸಿದ್ದರು. ಅಲ್ಲಿ ಗಾರ್ಮ್ಲಿಗೆ ಸಿಕ್ಕವರು ಬರ್ಕ್‌ಬೆಕ್ ಕಾಲೇಜಿನ ಭೌತವಿಜ್ಞಾನಿ ಬೇಸಿಲ್ ಹೈಲಿ. (ಹೈಲಿ ಹುಟ್ಟಿದ್ದು ಬರ್ಮಾದಲ್ಲಿ. ಗಾರ್ಮ್ಲಿಗೆ ಧ್ಯಾನ ಕಲಿಸಿದ ಗೋಯೆಂಕಾ ಹುಟ್ಟಿದ್ದೂ ಅಲ್ಲಿಯೇ. ಕಾಕತಾಳೀಯ, ಬೇರೇನಿಲ್ಲ.) ಬೀಜಗಣಿತವೆಂದರೆ ಸಂಬಂಧಗಳ ನಡುವಿನ ಸಂಬಂಧ ಎಂಬ ಹೈಲಿಯ ಮಾತು ಗಾರ್ಮ್ಲಿಯ ತಲೆಯಲ್ಲಿ ಕೂತುಬಿಟ್ಟಿತು.

ಈ ಮಾತು ಗೂಢವೆನಿಸಿದರೆ ನಮ್ಮ ಮನೆಗಳ ಕಡೆ ನೋಡಬಹುದು. 'ಷಡ್ಡಕ' ಎಂದರೆ ಯಾರು? ಹೆಂಡತಿಯ ಸೋದರಿಯ ಗಂಡ. ಆತ ಎತ್ತರದವನೋ ಕುಳ್ಳನೋ, ಮಂಡ್ಯದವನೋ ಬೀದರಿನವನೋ ಆ ಪದ ಹೇಳುವುದಿಲ್ಲ. ಒಂದು ಸಂಬಂಧಕ್ಕೆ ಇನ್ನೊಂದನ್ನು, ಅದಕ್ಕೆ ಮತ್ತೊಂದನ್ನು ಹೆಣೆದಾಗ ಸಿಗುವ ಗಂಟು ಅದು. ಭೌತವಿಜ್ಞಾನದಲ್ಲಿ ನಾವು ಮೊದಲು ಜಾಗವನ್ನು ಹಾಸಿ, ಅದರಲ್ಲಿ ವಸ್ತುಗಳನ್ನು ಇಟ್ಟು, ಆಮೇಲೆ ಅವುಗಳ ಸಂಬಂಧ ಹುಡುಕುತ್ತೇವೆ. ರಂಗೋಲಿಗೆ ಮೊದಲು ಚುಕ್ಕಿ ಇಟ್ಟು ಆಮೇಲೆ ಗೆರೆ ಎಳೆದಂತೆ. ಹೈಲಿ ಕೇಳಿದ್ದು ತದ್ವಿರುದ್ಧ: ಗೆರೆಗಳೇ ಮೊದಲಿದ್ದು, ಚುಕ್ಕಿಗಳು ಅವುಗಳ ಹೆಣಿಗೆಯಿಂದ ಮೂಡಿದ್ದರೆ? ಜಾಗ, ಕಾಲ, ವಸ್ತು ಇವೆಲ್ಲಕ್ಕೂ ತಳದಲ್ಲಿ ಅಂಥದೊಂದು ಗಣಿತದ ಹೆಣಿಗೆ ಇರಬಹುದೇ ಎಂಬುದು ಅವರ ದೀರ್ಘಕಾಲದ ಶೋಧ.

ಈ ಶೋಧದಲ್ಲಿ ಅವರ ಹಿರಿಯ ಜೊತೆಗಾರ ಡೇವಿಡ್ ಬೋಮ್. 1917ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಕಮ್ಯುನಿಸ್ಟರ ಬೇಟೆಯ ದಿನಗಳಲ್ಲಿ ಪ್ರಿನ್ಸ್‌ಟನ್ನಿನ ಕೆಲಸ ಕಳೆದುಕೊಂಡು, ಬ್ರೆಜಿಲ್, ಇಸ್ರೇಲ್ ಸುತ್ತಿ ಲಂಡನ್ ಸೇರಿದವರು. ಜಿಡ್ಡು ಕೃಷ್ಣಮೂರ್ತಿ ಅವರೊಂದಿಗೆ ಬೋಮ್ ನಡೆಸಿದ ಸಂವಾದಗಳು ಪುಸ್ತಕಗಳಾಗಿ ಬಂದಿದ್ದು, ನಮ್ಮಲ್ಲಿಯೂ ಓದುಗರನ್ನು ಪಡೆದಿವೆ. ಚಾರ್ಲ್ಸ್ ಬೀಡರ್‌ಮನ್ ಎಂಬ ಕಲಾವಿದನೊಡನೆ 1960ರ ದಶಕದುದ್ದಕ್ಕೂ ಬೋಮ್ ನಡೆಸಿದ ಪತ್ರವ್ಯವಹಾರ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ. ಕಲಾವಿದ ಭೌತವಿಜ್ಞಾನಿಯ ಮಾತು ಕೇಳಿಸಿಕೊಳ್ಳುವುದು ಆ ಬಳಗಕ್ಕೆ ಹೊಸದಾಗಿರಲಿಲ್ಲ. 1992ರಲ್ಲಿ ತೀರಿಕೊಂಡ ಬೋಮ್‌ಗೆ ಈ ಶಿಲ್ಪ ನೋಡುವ ಭಾಗ್ಯ ಇರಲಿಲ್ಲ.

ಶಿಲ್ಪವನ್ನು ಕಟ್ಟಿದ ಬಗೆಯೂ ಸ್ವಾರಸ್ಯಕರ. ಉಳಿ, ಸುತ್ತಿಗೆ ಹಿಡಿದು ಕಲ್ಲಿನಿಂದ ಬೇಡದ್ದನ್ನು ಕೆತ್ತಿ ತೆಗೆಯುವ ಕೆಲಸವಲ್ಲ ಇದು. ಗಾರ್ಮ್ಲಿಯ ದೇಹದ ಆಕಾರವನ್ನು ಕಂಪ್ಯೂಟರಿಗೆ ಊಡಿಸಿ, ಅದರ ಮೈಮೇಲಿನ ಬಿಂದುಗಳಿಂದ 'ಅಡ್ಡಾದಿಡ್ಡಿ ನಡಿಗೆ' ಹೊರಡಿಸಲಾಯಿತು. ಈ ಹೊತ್ತು ಯಾವ ದಿಕ್ಕಿಗೆ ಹೆಜ್ಜೆ ಎಂಬುದಕ್ಕೆ ಹಿಂದಿನ ಹೆಜ್ಜೆಯ ಹಂಗಿಲ್ಲ. ದಾಳ ಉರುಳಿಸಿ ತೀರ್ಮಾನಿಸಿದಂತೆ. ಈ ನಡಿಗೆಗೆ ಇಂಗ್ಲಿಷಿನಲ್ಲಿ 'ರ‍್ಯಾಂಡಮ್ ವಾಕ್' ಎಂದು ಹೆಸರಿಟ್ಟವರು ಲಂಡನ್ನಿನವರೇ ಆದ ಕಾರ್ಲ್ ಪಿಯರ್ಸನ್, 1905ರಲ್ಲಿ. ಅಂಥ ನಡಿಗೆಯವನನ್ನು ಹುಡುಕಬೇಕಾದರೆ ಹೊರಟ ಜಾಗದ ಸುತ್ತಮುತ್ತಲೇ ಹುಡುಕುವುದು ಜಾಣತನ ಎಂದು, ಕುಡುಕನ ಉದಾಹರಣೆ ಕೊಟ್ಟು ಅವರು ಹೇಳಿದ್ದರು.

ಇದನ್ನು ಮಕ್ಕಳು ಮನೆಯಲ್ಲೇ ಮಾಡಿ ನೋಡಬಹುದು. ಗ್ರಾಫ್ ಹಾಳೆಯ ನಡುವೆ ಒಂದು ಚುಕ್ಕಿ ಇಡಿ. ನಾಣ್ಯ ಚಿಮ್ಮಿ, ತಲೆ ಬಿದ್ದರೆ ಬಲಕ್ಕೊಂದು ಮನೆ, ಬಾಲ ಬಿದ್ದರೆ ಎಡಕ್ಕೊಂದು ಮನೆ ನಡೆಯಿರಿ. ನೂರು ಸಲ ಚಿಮ್ಮಿದ ಮೇಲೆ ಎಷ್ಟು ದೂರ ಹೋಗಿರುತ್ತೀರಿ? ನೂರು ಮನೆಯಲ್ಲ, ಹತ್ತರ ಆಸುಪಾಸು ಅಥವಾ ಅದಕ್ಕೂ ಕಡಿಮೆ. ದೂರ ಹೆಚ್ಚುವುದು ಹೆಜ್ಜೆಗಳ ವರ್ಗಮೂಲದ ಲೆಕ್ಕದಲ್ಲಿ. ಹತ್ತು ಮನೆ ದೂರಕ್ಕೆ ನೂರು ಹೆಜ್ಜೆ, ಇಪ್ಪತ್ತು ಮನೆಗೆ ನಾನೂರು. ಮನೆಯವರೆಲ್ಲ ಸೇರಿ ಇಪ್ಪತ್ತು ಸಲ ಆಡಿ, ಕೊನೆಯ ಚುಕ್ಕಿಗಳನ್ನೆಲ್ಲ ಒಂದೇ ಹಾಳೆಯ ಮೇಲೆ ಗುರುತಿಸಿದರೆ ನಡುವೆ ದಟ್ಟ, ಅಂಚಿಗೆ ವಿರಳವಾದ ಚದುರುವಿಕೆ ಕಾಣುತ್ತದೆ. ಥೇಮ್ಸ್ ದಂಡೆಯಲ್ಲಿ ನಿಂತಿರುವುದೂ ಇದೇ. ಉಕ್ಕಿನ ತುಂಡುಗಳು ದೇಹದ ಬಳಿ ಕಿಕ್ಕಿರಿದಿವೆ, ದೂರ ಹೋದಂತೆ ತೆಳುವಾಗಿವೆ. ದೇಹದ ಸುತ್ತ ಯಾರೂ ಗಡಿಗೆರೆ ಎಳೆದಿಲ್ಲ. ದಟ್ಟಣೆಯನ್ನು ನೋಡಿ ಕಣ್ಣೇ ಗಡಿ ಎಳೆದುಕೊಳ್ಳುತ್ತದೆ.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಪರಮಾಣು ನೆನಪಾಗದೆ ಇರದು. ಪಠ್ಯಪುಸ್ತಕದಲ್ಲಿ ನಡುವೆ ನ್ಯೂಕ್ಲಿಯಸ್, ಸುತ್ತ ಕಂಪಾಸಿನಿಂದ ಎಳೆದ ಉಂಗುರಗಳು, ಉಂಗುರದ ಮೇಲೆ ಮಣಿಗಳಂತೆ ಎಲೆಕ್ಟ್ರಾನುಗಳು. ಪರೀಕ್ಷೆಯಲ್ಲಿ ಅದನ್ನು ಅಂದವಾಗಿ ಬರೆದು ಬಣ್ಣ ತುಂಬಿದವರಿಗೆ ಪೂರ್ತಿ ಅಂಕ. ಆ ಚಿತ್ರ ನೀಲ್ಸ್ ಬೋರ್ 1913ರಲ್ಲಿ ಕೊಟ್ಟ ಮಾದರಿಯದು. ಹದಿನೈದು ವರ್ಷ ತುಂಬುವ ಮೊದಲೇ ಅದು ಹಿಂದೆ ಬಿತ್ತು. ಎಲೆಕ್ಟ್ರಾನ್ ಎಲ್ಲಿದೆ ಎಂದು ಹೇಳಲಾಗದು, ಎಲ್ಲಿ ಸಿಗುವ ಸಂಭವ ಎಷ್ಟು ಎಂದಷ್ಟೇ ಹೇಳಬಹುದು ಎಂದು 1926ರಲ್ಲಿ ಮ್ಯಾಕ್ಸ್ ಬಾರ್ನ್ ತೋರಿಸಿದರು. ಮರುವರ್ಷ ಹೈಸನ್‌ಬರ್ಗ್ ಅನಿಶ್ಚಿತತಾ ತತ್ತ್ವ ಮಂಡಿಸಿದರು. ಹೈಡ್ರೋಜನ್ ಪರಮಾಣುವನ್ನೇ ತೆಗೆದುಕೊಳ್ಳಿ. ಬೋರ್ ಎಳೆದ ಮೊದಲ ಉಂಗುರದ ತ್ರಿಜ್ಯ 0.053 ನ್ಯಾನೋಮೀಟರ್. ಈಗಿನ ಲೆಕ್ಕದ ಪ್ರಕಾರ ಎಲೆಕ್ಟ್ರಾನ್ ಆ ದೂರದ ಒಳಗೆ ಸಿಗುವ ಸಂಭವ ನೂರಕ್ಕೆ 32 ಮಾತ್ರ; ಉಳಿದ 68 ಪಾಲು ಅದರ ಹೊರಗೆ. ಐದು ಪಟ್ಟು ದೂರದ ಆಚೆಗೆ ಸಿಗುವ ಸಂಭವ ಸಾವಿರಕ್ಕೆ ಮೂರಕ್ಕಿಂತ ಕಡಿಮೆ. ಆದರೆ ಸೊನ್ನೆಯಲ್ಲ! ಪರಮಾಣುವಿಗೆ ಸಿಪ್ಪೆಯಿಲ್ಲ. ಎಲ್ಲಿಗೆ ಮುಗಿಯಿತು ಎಂದು ಬೆರಳಿಟ್ಟು ತೋರಿಸಲಾಗದ ವಸ್ತು ಅದು. ಹತ್ತನೇ ತರಗತಿಯ ಹುಡುಗನಿಗೆ ಇದನ್ನು ಬಾಯಲ್ಲಿ ಹೇಳಿ ಒಪ್ಪಿಸುವುದು ಕಷ್ಟ. ಆ ದಂಡೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ, ಅಂಚಿಲ್ಲದೆಯೂ ಆಕಾರ ಇರಬಲ್ಲದು ಎಂಬುದಾದರೂ ಮನದಟ್ಟಾಗುತ್ತದೆ.

ಹಾಗೆಂದು ಶಿಲ್ಪವನ್ನೇ ಪರಮಾಣುವಿನ ಫೋಟೋ ಎಂದು ತಿಳಿದರೆ ಇನ್ನೊಂದು ಹಳ್ಳಕ್ಕೆ ಬಿದ್ದಂತೆ. ಅಡ್ಡಾದಿಡ್ಡಿ ನಡಿಗೆ ನಾಣ್ಯ, ದಾಳಗಳ ಸಾಮಾನ್ಯ ಗಣಿತ. ಕ್ವಾಂಟಮ್ ಲೋಕದ ಗಣಿತ ಬೇರೆ. ಸಭಾಂಗಣಕ್ಕೆ ಒಂದು ಬಾಗಿಲಿದ್ದದ್ದು ಎರಡಾದರೆ ಒಳಗಿನ ಯಾವ ಮೂಲೆಗೂ ಜನ ಮೊದಲಿಗಿಂತ ಕಡಿಮೆಯಾಗಲಾರರು. ಎಲೆಕ್ಟ್ರಾನುಗಳ ವಿಷಯದಲ್ಲಿ ಎರಡನೇ ಸೀಳು ತೆರೆದಾಗ, ಮೊದಲು ಬಂದು ಬೀಳುತ್ತಿದ್ದ ಕೆಲವು ಜಾಗಗಳಿಗೆ ಒಂದೂ ಬಾರದಂತಾಗುತ್ತದೆ. ಅಲೆಗಳಂತೆ ಒಂದನ್ನೊಂದು ಅಳಿಸಿಹಾಕುವ ಈ ಗುಣ ಗಾರ್ಮ್ಲಿಯ ಕಡ್ಡಿಗಳಿಗಿಲ್ಲ. ಇನ್ನೂ ಒಂದು ತಮಾಷೆ ಇದೆ. ಬೋಮ್ 1952ರಲ್ಲಿ ಪ್ರಕಟಿಸಿದ ಸಿದ್ಧಾಂತದಲ್ಲಿ ಎಲೆಕ್ಟ್ರಾನಿಗೆ ಪ್ರತಿಕ್ಷಣವೂ ಖಚಿತವಾದ ಸ್ಥಾನವಿದೆ; ಅಲೆಯೊಂದು ಅದಕ್ಕೆ ದಾರಿ ತೋರಿಸುತ್ತದೆ. ಅಂದರೆ ಈ ಮೋಡದ ಹಿಂದಿರುವ ಬಳಗದ ಹಿರಿಯರೇ ಎಲೆಕ್ಟ್ರಾನ್ ಮೋಡದಂತೆ ಹರಡಿದೆ ಎಂದು ಒಪ್ಪಿದವರಲ್ಲ.

ಶಿಲ್ಪದ ಉಕ್ಕಿಗೆ ಕ್ವಾಂಟಮ್ ಅನಿಶ್ಚಿತತೆ ತಟ್ಟಿದೆಯೇ ಎಂದು ಕೇಳುವ ಚುರುಕು ಮಕ್ಕಳಿಗಾಗಿ ಒಂದು ಲೆಕ್ಕ. ಎಲೆಕ್ಟ್ರಾನನ್ನು ಪರಮಾಣುವಿನಷ್ಟು ಜಾಗದಲ್ಲಿ, ಅಂದರೆ 0.1 ನ್ಯಾನೋಮೀಟರಿನೊಳಗೆ ಹಿಡಿದಿಟ್ಟರೆ ಅದರ ವೇಗದ ಅನಿಶ್ಚಿತತೆ ಸೆಕೆಂಡಿಗೆ ಐನೂರು ಕಿಲೋಮೀಟರಿಗೂ ಮಿಕ್ಕುತ್ತದೆ. 160 ಗ್ರಾಂ ತೂಕದ ಕ್ರಿಕೆಟ್ ಚೆಂಡಿನ ಸ್ಥಾನವನ್ನು ಒಂದು ಮಿಲಿಮೀಟರ್ ನಿಖರವಾಗಿ ಹಿಡಿದರೆ ವೇಗದ ಅನಿಶ್ಚಿತತೆ ಎಷ್ಟು ಅಲ್ಪವೆಂದರೆ, ಸೆಕೆಂಡಿಗೆ ಮೀಟರಿನ ಲೆಕ್ಕದಲ್ಲಿ ದಶಮಾಂಶ ಬಿಂದುವಿನ ಮುಂದೆ ಮೂವತ್ತು ಸೊನ್ನೆ ಹಾಕಿ ಆಮೇಲೆ ಮೂರು ಬರೆಯಬೇಕು. ಚೆಂಡು ಬ್ಯಾಟಿಗೆ ಸಿಗದಿದ್ದಕ್ಕೆ ಹೈಸನ್‌ಬರ್ಗರನ್ನು ದೂರುವಂತಿಲ್ಲ. ಗುಡ್ಡದ ಮೇಲಿನ 102 ಮೀಟರಿನ ವ್ಯತ್ಯಾಸಕ್ಕೂ ಅವರು ಹೊಣೆಯಲ್ಲ.

ಇದೇ ವಿಷಯವನ್ನು ಇನ್ನೊಂದು ದಾರಿಯಲ್ಲಿ ಹಿಡಿದವರು ಜೂಲಿಯನ್ ವಾಸ್-ಆಂಡ್ರೆ. ಅವರು ಮೊದಲು ಭೌತವಿಜ್ಞಾನಿ. 1999ರಲ್ಲಿ ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್ ಬಳಗ ಅರವತ್ತು ಕಾರ್ಬನ್ ಪರಮಾಣುಗಳ ಚೆಂಡಿನಂಥ ಅಣುಗಳೂ ಅಲೆಯಂತೆ ವರ್ತಿಸುವುದನ್ನು ತೋರಿಸಿತಲ್ಲ, ಆ ಪ್ರಯೋಗದಲ್ಲಿ ಪಾಲ್ಗೊಂಡವರು. ಆಮೇಲೆ ಶಿಲ್ಪಿಯಾದರು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೋಸಸ್ ಲೇಕ್ ಊರಿನಲ್ಲಿ 2006ರಿಂದ ಇರುವ ಅವರ 'ಕ್ವಾಂಟಮ್ ಮ್ಯಾನ್' ನೂರಕ್ಕೂ ಹೆಚ್ಚು ಉಕ್ಕಿನ ಹಾಳೆಗಳನ್ನು ಸಮಾನಾಂತರವಾಗಿ ನಿಲ್ಲಿಸಿ ಮಾಡಿದ ನಡೆಯುವ ಮನುಷ್ಯ. ಒಂದು ಕಡೆಯಿಂದ ಗಟ್ಟಿ ದೇಹ. ಹಾಳೆಗಳ ಅಂಚಿಗೆ ಸರಿಯಾಗಿ ನಿಂತರೆ ಹಿಂದಿನ ಮರಗಿಡಗಳೇ ಕಾಣುತ್ತವೆ, ಮನುಷ್ಯ ಹೆಚ್ಚುಕಡಿಮೆ ಮಾಯ. ಜಾಣ್ಮೆಯ ಕೆಲಸ, ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ. ಆದರೆ ಒಮ್ಮೆ ಗುಟ್ಟು ತಿಳಿದ ಮೇಲೆ ಅದು ಅಷ್ಟಕ್ಕೇ ನಿಲ್ಲುತ್ತದೆ. ಗಾರ್ಮ್ಲಿಯ ಮೋಡ ಹಾಗಲ್ಲ. ನೀರು, ಬೆಳಕು, ಮಂಜು ಬದಲಾದಂತೆ ಅದು ನೋಡುವವನನ್ನು ಮತ್ತೆ ಮತ್ತೆ ಹುಡುಕಲು ಹಚ್ಚುತ್ತದೆ.

ಡೋಮ್ ಬಳಿಯ ದಂಡೆಯಲ್ಲಿ ಓಡಾಡುವವರೆಲ್ಲ ಇದಕ್ಕೆ ಮರುಳಾಗಬೇಕೆಂದೇನೂ ಇಲ್ಲ. ಗುಜರಿ ಎಂದು ನಕ್ಕು ಮುಂದೆ ಹೋಗುವವರ ಕಣ್ಣಿಗೂ ತಪ್ಪಿಲ್ಲ. ಒಂದೇ ಜಾಗದಲ್ಲಿ ನಿಂತು ನೋಡಿದರೆ ಅದು ಗುಜರಿಯೇ. ನದಿಯಂಚಿನ ಕಾಲುದಾರಿಯಲ್ಲಿ ನಡೆಯುತ್ತ ನೋಡಬೇಕು. ಹತ್ತಿರದಲ್ಲೇ 2012ರಲ್ಲಿ ಆರಂಭವಾದ ತೂಗುತೊಟ್ಟಿಲ ಸಾರಿಗೆ ನದಿಯನ್ನು ದಾಟಿಸುತ್ತದೆ. ಅದರಲ್ಲಿ ಏರಿ ಮೇಲಿಂದ ನೋಡಿದರೆ ದಂಡೆಯಲ್ಲಿ ತಲೆ ಎತ್ತಿ ನೋಡಿದ್ದ ಮೋಡ ಈಗ ಕಾಲಡಿಯಲ್ಲಿ ಮುಷ್ಟಿಯಷ್ಟಾಗಿ ನದಿಯ ಕಂದುಬಣ್ಣದ ಮೇಲೆ ಕೂತಿರುತ್ತದೆ.

ಹೋಗುವವರಿಗೆ ಎರಡು ಮಾತು. ಭೂಗರ್ಭ ರೈಲಿನ ಜುಬಿಲಿ ಮಾರ್ಗದಲ್ಲಿ ನಾರ್ತ್ ಗ್ರೀನಿಚ್ ನಿಲ್ದಾಣದಲ್ಲಿ ಇಳಿದರೆ ನದಿಯ ಕಟ್ಟೆಗೆ ಕೆಲವೇ ನಿಮಿಷದ ನಡಿಗೆ. ಶಿಲ್ಪ ನೋಡಲು ಟಿಕೆಟ್ ಇಲ್ಲ, ಗೇಟೂ ಇಲ್ಲ. ಬೆಳಿಗ್ಗೆ ಗುಡ್ಡದ ಮೇಲಿನ ವೀಕ್ಷಣಾಲಯ ಮುಗಿಸಿ, ಒಂದು ಗಂಟೆಗೆ ಕೆಂಪು ಚೆಂಡು ಇಳಿಯುವುದನ್ನು ನೋಡಿ, ಊಟ ಮಾಡಿ, ಮಧ್ಯಾಹ್ನ ದೋಣಿಯಲ್ಲಿ ಬರುವುದು ಒಳ್ಳೆಯ ಕ್ರಮ. ಚಳಿಗಾಲದಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲಾಗುತ್ತದೆ. ನದಿಯ ಗಾಳಿ ಕೊರೆಯುತ್ತದೆ, ಮಕ್ಕಳ ಕಿವಿಗೆ ಟೋಪಿ ಇರಲಿ.